ಕಾಡಿನ ಜನರ ಹಕ್ಕಿನ ಬಗ್ಗೆ ನಗರದವರಿಗೆ ಹೇಗೆ ಹೇಳಿದರೆ ನಾಟುತ್ತದೆ?

ನೀವು ಕೇಳಿದ್ದು: ಗೆಳೆಯರ ಹತ್ತಿರ ಆದಿವಾಸಿಗಳ ಅರಣ್ಯ ಹಕ್ಕಿನ ಮಾತೆತ್ತಿದರೆ ಕೆಲವರು 'ಪಾಪ' ಅಂತಾರೆ, ಇನ್ನು ಕೆಲವರು 'ಹಾಗಾದ್ರೆ ಹುಲಿಗಳ ಗತಿ ಏನು?' ಅಂತಾರೆ. ಬೆಂಬಲ ಸಿಗಬೇಕಾದರೆ ಏನು ಹೇಳಬೇಕು?

ಮೊದಲು ಆ 'ಪಾಪ'ವನ್ನು ಬಿಡಿಸಬೇಕು. ಮೈಸೂರು, ಚಾಮರಾಜನಗರದ ಕಡೆ ಈ ವಿಷಯ ಮಾತಾಡುತ್ತಾ ಬಂದವನು ನಾನು. ಮುರುಕಲು ಗುಡಿಸಲು, ಅಳುವ ಮಗುವಿನ ಫೋಟೋ ತೋರಿಸಿದ ಕಡೆಯೆಲ್ಲ ಜನ ಅಕ್ಕಿ, ಕಂಬಳಿ ಕೊಡೋಕೆ ಮುಂದೆ ಬರುತ್ತಾರೆ. ಹಕ್ಕುಪತ್ರದ ಮಾತು ಬಂದಾಗ ಸುಮ್ಮನಾಗುತ್ತಾರೆ. ಅವರದು ಒಳ್ಳೆಯ ಮನಸ್ಸೇ. ಆದರೆ ಆ ಫೋಟೋ ಅವರಲ್ಲಿ ಕೇಳಿದ್ದೇ ಕಂಬಳಿಯನ್ನು.

ಅದರ ಬದಲು ಅವರ ಕಾಡಿನ ಕೆಲಸದ ಬಗ್ಗೆ ಹೇಳಿ. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿರುವ ಸೋಲಿಗ ಆದಿವಾಸಿಗಳನ್ನೇ ತಗೊಳ್ಳಿ. ಬೇಸಿಗೆ ಬಲಿಯುವ ಮುಂಚೆ ಅವರು ಉದುರಿದ ಎಲೆಗೆ ಸಣ್ಣದಾಗಿ ಬೆಂಕಿ ಕೊಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಅಂತಾರೆ. ನೆಲದ ಮೇಲಿನ ತರಗು ಉರಿದು ಆರಿಹೋಗುತ್ತದೆ, ದೊಡ್ಡ ಮರಗಳಿಗೆ ಏನೂ ಆಗುವುದಿಲ್ಲ. ನೆಲ್ಲಿಕಾಯಿ ಬಿಡಿಸಲು ಹೋದಾಗ ಕೊಂಬೆಗೆ ಹತ್ತಿ ಮರದ ಸಾರ ಹೀರುವ ಬಂದಳಿಕೆ ಗಿಡವನ್ನೂ ಕಡಿದು ಹಾಕುತ್ತಿದ್ದರು. 1974ರಲ್ಲಿ ಅಭಯಾರಣ್ಯವಾದ ಮೇಲೆ ಈ ಬೆಂಕಿಗೆ ತಡೆ ಬಿತ್ತು. ಈಗ ಅಲ್ಲಿ ಲಂಟಾನ ಅನ್ನುವ ಕಳೆಗಿಡ ಎದೆಯೆತ್ತರ ಹಬ್ಬಿದೆ, ಹುಲ್ಲು ಕಮ್ಮಿಯಾಗಿದೆ. ತರಗು ಬೆಂಕಿ ನಿಂತಿದ್ದೇ ಇದಕ್ಕೆ ಕಾರಣ ಅಂತ ಸೋಲಿಗರು ಹೇಳುತ್ತಾರೆ. ಸಫಾರಿಗೆ ಹೋದವರು ಆ ಲಂಟಾನವನ್ನು ಕಣ್ಣಾರೆ ನೋಡಿರುತ್ತಾರೆ. ಈ ಮಾತು ಬಂದ ಕೂಡಲೇ ಅವರು ಪ್ರಶ್ನೆ ಕೇಳೋಕೆ ಶುರು ಮಾಡುತ್ತಾರೆ.

ಹುಲಿಯ ಪ್ರಶ್ನೆಗೂ ಉತ್ತರ ಅಲ್ಲೇ ಇದೆ. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು, ಅಂದರೆ ಇಡೀ ಊರು ಒಟ್ಟಾಗಿ ಕಾಡನ್ನು ಬಳಸುವ ಹಕ್ಕು, ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. 2010ರಲ್ಲಿ ಸುಮಾರು 35 ಇದ್ದ ಹುಲಿಗಳು 2014ರ ಗಣತಿಯಲ್ಲಿ 68 ಆದವು. ಭಯ ಹೋಗಿಸೋಕೆ ಈ ಲೆಕ್ಕ ಹೇಳಿ, ತಪ್ಪಿಲ್ಲ. ಆದರೆ ಹಕ್ಕನ್ನು ಈ ಲೆಕ್ಕದ ಮೇಲೆ ನಿಲ್ಲಿಸಬೇಡಿ. ಮುಂದಿನ ಗಣತಿಗಳಲ್ಲಿ ಸಂಖ್ಯೆ ಇಳಿಯಿತು. ಹಾಗಂತ ಸೋಲಿಗರು ಹಕ್ಕುಪತ್ರ ವಾಪಸ್ ಕೊಡಬೇಕಾ? ಹುಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ನೂರು ಕಾರಣ ಇರುತ್ತವೆ. ತಲೆಮಾರುಗಳಿಂದ ಅಲ್ಲೇ ಬಾಳಿದವರನ್ನು ಕಾಗದದಲ್ಲಿ ಒತ್ತುವರಿದಾರರನ್ನಾಗಿ ಮಾಡಿದ್ದು ಅನ್ಯಾಯ. 2006ರ ಅರಣ್ಯ ಹಕ್ಕು ಕಾಯ್ದೆಯೇ ಇದನ್ನು ಚಾರಿತ್ರಿಕ ಅನ್ಯಾಯ ಅಂತ ಒಪ್ಪಿಕೊಂಡಿದೆ. ಸರ್ಕಾರವೇ ಒಪ್ಪಿದ ಮಾತು ಇದು ಅಂತ ಒತ್ತಿ ಹೇಳಿ.

'ಭೂಗಳ್ಳರಿಗೆ ದಾರಿ ಆಗಲ್ವಾ?' ಅಂತ ಒಬ್ಬರಾದರೂ ಕೇಳೇ ಕೇಳುತ್ತಾರೆ. ಬೇಜಾರು ಮಾಡ್ಕೋಬೇಡಿ, ಕಾಯ್ದೆಯಲ್ಲಿ ಇರುವುದನ್ನು ಹೇಳಿ. ಇದು ಹೊಸದಾಗಿ ಭೂಮಿ ಹಂಚುವ ಯೋಜನೆ ಅಲ್ಲ. 2005ರ ಡಿಸೆಂಬರ್ 13ಕ್ಕೂ ಮುಂಚಿನಿಂದ ಬಳಸುತ್ತಿದ್ದ ಭೂಮಿಗೆ ಮಾತ್ರ ಹಕ್ಕು, ಅದೂ ಹೆಚ್ಚೆಂದರೆ 4 ಹೆಕ್ಟೇರ್. ಮಕ್ಕಳಿಗೆ ಹೋಗುತ್ತದೆ, ಮಾರುವ ಹಾಗಿಲ್ಲ. 'ಮಾರುವ ಹಾಗಿಲ್ಲ' ಅಂದ ತಕ್ಷಣ ಅರ್ಧ ಅನುಮಾನ ಕರಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇನ್ನು, ಎಲ್ಲವನ್ನೂ ನೀವೇ ಮಾತಾಡಬೇಡಿ. ಪೋಡಿನವರನ್ನು (ಪೋಡು ಅಂದರೆ ಸೋಲಿಗರ ಹಾಡಿ) ಕರೆಸಿ, ಬಸ್ ಖರ್ಚು, ಆ ದಿನದ ಕೂಲಿ ಕೊಡಿ, ಮೈಕ್ ಮೊದಲು ಅವರ ಕೈಗೆ ಹೋಗಲಿ. ಒಂದು ಕಾಲೇಜಿಗೆ ಹೀಗೆ ಬಂದಿದ್ದ ಪೋಡಿನ ಅಜ್ಜಿಯೊಬ್ಬರನ್ನು ಹುಡುಗನೊಬ್ಬ 'ಕಾಡು ಬಿಟ್ಟು ಬಂದ್ರೆ ಸ್ಕೂಲು, ಆಸ್ಪತ್ರೆ ಸಿಗುತ್ತೆ ಅಲ್ವಾ ಅಜ್ಜಿ?' ಅಂದ. ಆ ಅಜ್ಜಿ, 'ನಿಮ್ಮೂರಿಗೆ ಸ್ಕೂಲು ಕೊಡೋಕೆ ನಿಮ್ಮನ್ನ ಊರು ಬಿಡಿಸಿದ್ರಾ ಮಗಾ?' ಅಂತ ಕೇಳಿದರು. ನಾನು ಗಂಟೆಗಟ್ಟಲೆ ಮಾತಾಡಿದ್ದರೂ ಆ ಹುಡುಗನಿಗೆ ಅಷ್ಟು ಮುಟ್ಟುತ್ತಿರಲಿಲ್ಲ.

ಕೊನೆಗೆ 'ನಾವೇನು ಮಾಡಬೇಕು?' ಅನ್ನುತ್ತಾರಲ್ಲ, ಆಗ 'ಜಾಗೃತಿ ಮೂಡಿಸಿ' ಅಂತ ಕಳಿಸಬೇಡಿ. ಹಕ್ಕಿನ ಅರ್ಜಿಗಳ ಮೇಲಿನ ಗ್ರಾಮಸಭೆಯ ತೀರ್ಮಾನ ಉಪವಿಭಾಗ ಸಮಿತಿಗೆ ಹೋಗುತ್ತದೆ, ಅಲ್ಲಿಂದ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಸಮಿತಿಗೆ. ಎಷ್ಟು ಅರ್ಜಿ ಬಾಕಿ ಇವೆ, ತಿರಸ್ಕರಿಸಿದ್ದಕ್ಕೆ ಕಾರಣ ಬರೆದು ಕೊಟ್ಟಿದ್ದಾರಾ ಅಂತ ಮಾಹಿತಿ ಹಕ್ಕಿನಡಿ ಯಾರು ಬೇಕಾದರೂ ಕೇಳಬಹುದು. ಮಾದರಿ ಅರ್ಜಿಯ ಪ್ರತಿಗಳನ್ನು ಜೊತೆಗೇ ಒಯ್ಯಿರಿ. ಸಭೆ ಮುಗಿಯುವ ಮುಂಚೆ ಅಲ್ಲೇ ಕೂತು ತುಂಬಿಸಿ.