ಪುಣೆಯಲ್ಲಿ 380 ರೂಪಾಯಿಯ ರಾಗಿ ಬನ್

ದಾವಣಗೆರೆಯಿಂದ ಪುಣೆಯ ಹಿಂಜವಡಿಗೆ ಬಂದು ಮೂರು ವಾರ ಆಯ್ತು, ಭಾನುವಾರ ಆಫೀಸಿನವರು ಯಾವುದೋ ಸಾವಯವ, ಪರಿಸರಸ್ನೇಹಿ ಬರ್ಗರ್ ಹೋಟೆಲಿಗೆ ಕರೀತಿದ್ದಾರೆ, ಅಷ್ಟು ದುಡ್ಡು ಕೊಟ್ಟು ಹೋಗಬೇಕಾ ಅಂತ ಕೇಳಿದ್ದೀರಿ. ಹೋಗಿ. ನಾನು ಪುಣೆಗೆ ಬಂದು 14 ವರ್ಷ. ಮೊದಲ ವರ್ಷ ಯಾರು ಕರೆದರೂ ಹೋಗದೆ ರೂಮಿನಲ್ಲಿ ಮಂಡಕ್ಕಿ ಕಲಸಿಕೊಂಡು ಕೂತೆ. ದುಡ್ಡು ಉಳಿಯಿತು, ಮರಾಠಿ ಬರಲಿಲ್ಲ. ನಾಲ್ಕು ಜನರ ಜೊತೆ ಒಂದು ಮೇಜಿಗೆ ಕೂತ ಮೇಲೇ ಬಾಯಿ ಬಿಟ್ಟಿದ್ದು.

ಮೊದಲ ಸಲ ಅಂಥ ಕಡೆ ಹೋದಾಗ ಮರದ ಹಲಗೆ ಮೇಲೆ ರಾಗಿ ಬನ್ ಬಂತು, ಒಳಗೆ ಬೀಟ್‌ರೂಟ್-ರಾಜ್ಮಾ ಪ್ಯಾಟಿ. 380 ರೂಪಾಯಿ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಳೆಯೋದು ನಮ್ಮ ಕರ್ನಾಟಕದಲ್ಲಿ. ಅದನ್ನ ಇಲ್ಲಿಗೆ ಬಂದು ಈ ರೇಟಿಗೆ ತಿನ್ನಬೇಕಲ್ಲ ಅಂತ ಹೊಟ್ಟೆ ಉರಿಯಿತು. ಎರಡು ಕೈಯಲ್ಲಿ ಎತ್ತಿ ಬಾಯಿಗಿಡುವಷ್ಟರಲ್ಲಿ ಬನ್ ಬಿರಿದು ಪ್ಯಾಟಿ ಅಂಗಿ ಮೇಲೆ ಬಿತ್ತು. ಆ ಕಲೆ ಇವತ್ತಿಗೂ ಹೋಗಿಲ್ಲ. ರಾಗಿಗೆ ಗೋಧಿಯ ಅಂಟು ಇಲ್ಲ ನೋಡಿ, ಉದುರೋದು ಸಹಜ. ಗಟ್ಟಿಯಾಗಿ ನಿಂತ ರಾಗಿ ಬನ್ ಆದರೆ ಸಾಮಾನ್ಯವಾಗಿ ಗೋಧಿಯೋ ಮೈದಾವೋ ಬೆರೆತಿರುತ್ತೆ. ರುಚಿ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಸಾವಯವ ಅನ್ನೋದನ್ನ ಮಾತ್ರ ಸುಮ್ನೆ ನಂಬಬೇಡಿ. ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ನೋಡಿ ಸಾವಯವ ಅಂದುಕೊಳ್ಳೋರಿದ್ದಾರೆ. ಅದು ಸಸ್ಯಾಹಾರದ ಗುರುತು, ಅಷ್ಟೇ. ಸಾವಯವಕ್ಕೆ ಜೈವಿಕ್ ಭಾರತ್ ಅಂತ ಬೇರೆ ಗುರುತಿದೆ. ಹೋಟೆಲಿನ ತಟ್ಟೆ ಮೇಲೆ ಯಾವ ಗುರುತೂ ಇರಲ್ಲವಲ್ಲ, ಬಾಯಿಬಿಟ್ಟೇ ಕೇಳಬೇಕು. ನಾನು ಕೇಳಿದೆ. ಹುಡುಗ ಅಡುಗೆಮನೆಗೆ ಹೋಗಿ ಬಂದು, ಸೊಪ್ಪು ಟೊಮೆಟೊ ಸಾವಯವ, ಚೀಸು ಸಾಸು ಮಾಮೂಲಿ ಅಂದ. ಪಾಪ, ಪ್ರಾಮಾಣಿಕ. ಗೋಡೆ ಮೇಲೆ ದೊಡ್ಡದಾಗಿ ಬರೆಸಿದ್ದು ಎಲ್ಲವೂ ಸಾವಯವ ಅಂತ!

ಪೇಪರ್ ಸ್ಟ್ರಾ ಕೊಟ್ಟರು ಅಂತ ಮೆಚ್ಚೋದೂ ಬೇಡ. ಒಂದು ಸಲ ಬಳಸಿ ಎಸೆಯೋ ಪ್ಲಾಸ್ಟಿಕ್ ತಟ್ಟೆ, ಲೋಟ, ಸ್ಟ್ರಾ ಎಲ್ಲಾ ಮಹಾರಾಷ್ಟ್ರದಲ್ಲಿ 2018ರಲ್ಲೇ ನಿಷೇಧ ಆಗಿವೆ. ಕಾಗದದ ಲೋಟದ ಒಳಗೂ ಸಾಮಾನ್ಯವಾಗಿ ತೆಳ್ಳಗೆ ಪ್ಲಾಸ್ಟಿಕ್ ಪದರ ಇರುತ್ತೆ. ಕಬ್ಬಿನ ಸಿಪ್ಪೆಯ ಡಬ್ಬಿ ಒಳ್ಳೇದೇ, ಆದರೆ ಅದು ಗೊಬ್ಬರದ ಗುಂಡಿ ಸೇರಿದರೆ ತಾನೇ? ನಾನು ನೋಡಿದ ಕಡೆ ಅದನ್ನೂ ಬಾಟಲಿಗಳ ಜೊತೆ ಒಂದೇ ಬುಟ್ಟಿಗೆ ತುರುಕುತ್ತಿದ್ದರು. ನನಗೆ ಕೇಳಿದರೆ ತೊಳೆದ ಸ್ಟೀಲ್ ತಟ್ಟೆ, ಗಾಜಿನ ಲೋಟ ಇಡೋ ಹೋಟೆಲೇ ವಾಸಿ. ಆ ಲೆಕ್ಕಕ್ಕೆ ಊರ ಕಡೆ ಮುತ್ತುಗದ ಎಲೆ ಮೇಲೆ ಇಡ್ಲಿ ಕೊಡುವವನು ಯಾವತ್ತೋ ಪಾಸಾಗಿದ್ದಾನೆ.

ಮಾಂಸದ ವಿಷಯ. ಇಲ್ಲಿ 2015ರ ಕಾನೂನಿನಿಂದ ಎತ್ತು, ಹೋರಿ ಕಡಿಯೋದೂ ನಿಷೇಧ. ಮೆನುವಿನಲ್ಲಿ ಬಫ್ ಅಂತ ಕಂಡರೆ ಅದು ಎಮ್ಮೆ-ಕೋಣದ ಮಾಂಸ. ನೀವು ಸಸ್ಯಾಹಾರಿ ಅಂದಿರಲ್ಲ, ಪ್ಯಾಟಿ ಬೇಯಿಸೋ ತವಾ ಬೇರೆನಾ ಅಂತ ಮೊದಲೇ ಕೇಳಿಬಿಡಿ. 'ತವಾ ವೇಗಳಾ ಆಹೇ ಕಾ?' ಅಂದರೆ ಸಾಕು. ನಿಮ್ಮ ಉಚ್ಚಾರಣೆಗೆ ನಗ್ತಾರೆ, ನಗಲಿ.

ತಿಂಗಳಿಗೆ ಒಂದು ಸಲ ಆದರೆ ಈ ಖರ್ಚು ತಡೆಯುತ್ತೆ. ಉಳಿದ ದಿನಕ್ಕೆ ವಡಾಪಾವ್ ಇದೆ, ಅದೂ ಒಂಥರ ಬರ್ಗರೇ ಅಲ್ವಾ? ಹಳೇ ಪೇಪರಿನಲ್ಲಿ ಸುತ್ತಿಸಿಕೊಳ್ಳಬೇಡಿ, ಶಾಯಿ ಹತ್ತುತ್ತೆ. ಮನೆಯಿಂದ ಒಂದು ಸ್ಟೀಲ್ ಡಬ್ಬಿ ಒಯ್ದರೆ ಆಯ್ತು. ಭಾನುವಾರವೂ ಅದು ಚೀಲದಲ್ಲಿರಲಿ, ಬರ್ಗರ್ ಜೊತೆ ಕೊಡೋ ಆಲೂಗಡ್ಡೆ ಒಬ್ಬರಿಗೆ ಮುಗಿಯಲ್ಲ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ಬೇಡ ಅನ್ನಿ, ಅದು ಕಡ್ಡಾಯ ಅಲ್ಲ. ಜಿಎಸ್‌ಟಿ ಕೊಡಲೇಬೇಕು.