ಪುಟ್ ಆಫ್, ಟರ್ನ್ ಡೌನ್, ಗಿವ್ ಅಪ್: ಬಾಯಿಪಾಠ ಮಾಡಿದರೂ ಬಾಯಿಗೆ ಯಾಕೆ ಬರೋದಿಲ್ಲ?

ಇಂಗ್ಲಿಷ್ ಫ್ರೇಸಲ್ ವರ್ಬ್ ಬಗ್ಗೆ ಬರುವ ಪತ್ರಗಳಲ್ಲಿ ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಹಾಗಾಗಿ ಈ ಸಲ ಜಾಗದ ಬಹುಪಾಲು ಅದಕ್ಕೇ. ಫ್ರೇಸಲ್ ವರ್ಬ್ ಅಂದರೆ ಕ್ರಿಯಾಪದದ ಜೊತೆ ಆಫ್, ಅಪ್, ಡೌನ್ ಥರದ ಪುಟ್ಟ ಪದ ಸೇರಿ ಬೇರೆಯದೇ ಅರ್ಥ ಕೊಡುವ ಜೋಡಿ, ಅಷ್ಟು ಗೊತ್ತಿದ್ದರೆ ಸಾಕು.

ಪ್ರಶ್ನೆ: ಐನೂರು ಫ್ರೇಸಲ್ ವರ್ಬ್‌ಗಳನ್ನು ಅರ್ಥದ ಸಮೇತ ಬಾಯಿಪಾಠ ಮಾಡಿದ್ದೇನೆ. ಮಾತಾಡುವಾಗ ಒಂದೂ ಬರುವುದಿಲ್ಲ. ಇನ್ನೂ ದೊಡ್ಡ ಪಟ್ಟಿ ಬೇಕಾ?

ಬೇಡ. ಇರುವ ಪಟ್ಟಿಯನ್ನೂ ಮುಚ್ಚಿಡಿ.

ನನ್ನ ಹತ್ತಿರ ಕಲಿಯಲು ಬಂದ ಹುಡುಗನೊಬ್ಬನ ನೋಟ್‌ಬುಕ್ ಇನ್ನೂ ಕಣ್ಣ ಮುಂದಿದೆ. ಎಡಗಡೆ ಕೆಂಪು ಇಂಕಿನಲ್ಲಿ ಫ್ರೇಸಲ್ ವರ್ಬ್, ಬಲಗಡೆ ನೀಲಿ ಇಂಕಿನಲ್ಲಿ ಒಂದೊಂದೇ ಕನ್ನಡ ಪದ. 'ಟರ್ನ್ ಡೌನ್' ಎದುರಿಗೆ 'ತಿರಸ್ಕರಿಸು' ಎಂದು ಬರೆದಿದ್ದ. ಅದರಲ್ಲಿ ತಪ್ಪೇನಿಲ್ಲ. ಆಗ ಅವನ ಫೋನಿನಲ್ಲಿ ಹಾಡು ಜೋರಾಗಿ ಬರುತ್ತಿತ್ತು. 'ಕ್ಯಾನ್ ಯು ಟರ್ನ್ ಇಟ್ ಡೌನ್?' ಅಂದೆ, ಸದ್ದು ಕಡಿಮೆ ಮಾಡು ಅಂತ. ಹುಡುಗ ನೋಟ್‌ಬುಕ್ ನೋಡಿದ, ನನ್ನ ಮುಖ ನೋಡಿದ. 'ಏನನ್ನ ಬೇಡ ಅನ್ನಬೇಕು ಮೇಡಂ?' ಅಂತ ಕೇಳಿದ. ಹಾಡು ಹಾಗೇ ಕೂಗುತ್ತಿತ್ತು. ಪಾಪ, ಹೇಳಿದ್ದನ್ನೆಲ್ಲ ನಿಯತ್ತಾಗಿ ಬರೆದುಕೊಂಡಿದ್ದ. ತಪ್ಪು ಅವನಿಗೆ ಆ ಪಟ್ಟಿ ಕೊಟ್ಟವರದು.

ನಮ್ಮ ಭಾಷೆಯನ್ನೇ ನೋಡಿ. ಕೈ ಹಿಡಿ, ಕೈ ಬಿಡು, ಕೈ ಹಾಕು, ಕೈ ಕೊಡು. 'ಗೆಳೆಯ ಕೈ ಕೊಟ್ಟ' ಅಂದರೆ ಮೋಸ ಮಾಡಿದ ಅಂತ. ಕೆಳಗೆ ಬಿದ್ದವರಿಗೆ 'ಕೈ ಕೊಡಿ' ಅಂದರೆ ಎಬ್ಬಿಸುತ್ತೇನೆ ಅಂತ. ಇದನ್ನು ಯಾವ ಪಟ್ಟಿ ನೋಡಿ ಕಲಿತಿರಿ? ಯಾರು, ಯಾವಾಗ, ಯಾವ ದನಿಯಲ್ಲಿ ಅಂದರು ಅನ್ನುವುದರ ಜೊತೆಗೇ ಕಲಿತಿರಿ ಅಲ್ವಾ? ಇಂಗ್ಲಿಷಿಗೂ ಅದೇ ದಾರಿ.

ಕಷ್ಟ ನಿಮ್ಮೊಬ್ಬರದ್ದಲ್ಲ. 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯಲ್ ಜಾನ್ಸನ್ ಅದರ ಮುನ್ನುಡಿಯಲ್ಲೇ ಇದನ್ನು ಹೇಳಿದ್ದಾರೆ: ಹೊರಗಿನಿಂದ ಬಂದು ಕಲಿಯುವವರಿಗೆ ತುಂಬ ತೊಂದರೆ ಕೊಡುವುದು ಇಂಥ ಜೋಡಿಗಳೇ. ಸಮಾಧಾನದ ಮಾತೂ ಇದೆ. 2007ರಲ್ಲಿ ಗಾರ್ಡ್ನರ್ ಮತ್ತು ಡೇವಿಸ್ ಎಂಬ ಸಂಶೋಧಕರು ಸುಮಾರು 10 ಕೋಟಿ ಪದಗಳ ಬ್ರಿಟಿಷ್ ಇಂಗ್ಲಿಷ್ ಸಂಗ್ರಹವೊಂದನ್ನು ಜಾಲಾಡಿದರು. ಅಲ್ಲಿ ಸಿಕ್ಕ ಫ್ರೇಸಲ್ ವರ್ಬ್ ಬಳಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ 20 ಕ್ರಿಯಾಪದಗಳದ್ದು. ಗೋ, ಕಮ್, ಟೇಕ್, ಗೆಟ್, ಪುಟ್, ಲುಕ್, ಟರ್ನ್ ಇಂಥವು. ಆದರೆ ತುಂಬ ಬಳಕೆಯ ನೂರು ಜೋಡಿಗಳಿಗೆ ಸರಾಸರಿ ಐದಕ್ಕಿಂತ ಹೆಚ್ಚು ಅರ್ಥ. ಅಂದರೆ ಪದ ಕಡಿಮೆ, ಅರ್ಥ ಜಾಸ್ತಿ. ಒಂದು ಜೋಡಿಗೆ ಒಂದೇ ಕನ್ನಡ ಪದ ಬರೆದುಕೊಂಡರೆ ಮೋಸ ಹೋಗುವುದು ಇಲ್ಲೇ.

ಹಾಗಾದರೆ ಏನು ಮಾಡಬೇಕು? 'ಪುಟ್ ಆಫ್' ಒಂದನ್ನೇ ಹಿಡಿಯಿರಿ. ಮೊದಲು ನಿಮ್ಮದೇ ಬದುಕಿನ ಒಂದು ನಿಜ ಹುಡುಕಿ. ಹಲ್ಲು ನೋಯುತ್ತಿದೆ, ಡಾಕ್ಟರ ಹತ್ತಿರ ಹೋಗೋದನ್ನ ನಾಳೆ ನಾಳೆ ಅಂತ ತಳ್ಳುತ್ತಿದ್ದೀರಿ. 'ಐ ಕೀಪ್ ಪುಟಿಂಗ್ ಇಟ್ ಆಫ್.' ಇದನ್ನು ಜೋರಾಗಿ ಹೇಳಿ. ಒತ್ತು 'ಆಫ್' ಮೇಲೆ ಬೀಳಬೇಕು, 'ಇಟ್' ಹಗುರಾಗಿ ಜಾರಿಹೋಗಬೇಕು. ಇಟ್, ಹಿಮ್, ದೆಮ್ ಬಂದರೆ ಅವು ಮಧ್ಯದಲ್ಲೇ ಕೂರುತ್ತವೆ. 'ಪುಟ್ ಆಫ್ ಇಟ್' ಅನ್ನಬೇಡಿ. 'ಪುಟ್ ಆಫ್' ಆದ ಮೇಲೆ ಇನ್ನೊಂದು ಕ್ರಿಯಾಪದ ಬಂದರೆ ಅದಕ್ಕೆ 'ಇಂಗ್' ಸೇರಿಸಿ: 'ಐ ಪುಟ್ ಆಫ್ ಗೋಯಿಂಗ್.' 'ಪುಟ್ ಆಫ್ ಟು ಗೋ' ಅಲ್ಲ. ಎರಡನೇ ಅರ್ಥ ಮುಂದಿನ ವಾರ ಕಲಿಯಿರಿ: 'ದ ಸ್ಮೆಲ್ ಪುಟ್ ಮಿ ಆಫ್', ಆ ವಾಸನೆಗೆ ಬೇಡವೇ ಬೇಡ ಅನ್ನಿಸಿಬಿಟ್ಟಿತು. ಎರಡನ್ನೂ ಒಂದೇ ದಿನ ತುಂಬಿಕೊಂಡರೆ ಎರಡೂ ಉಳಿಯುವುದಿಲ್ಲ.

ಕೊನೆಯ ಪುಟ್ಟ ಪದದ ಕಡೆಗೂ ಕಿವಿ ಇರಲಿ. 'ಡ್ರಿಂಕ್ ಯುವರ್ ಮಿಲ್ಕ್' ಅಂದರೆ ಹಾಲು ಕುಡಿ. 'ಡ್ರಿಂಕ್ ಅಪ್ ಯುವರ್ ಮಿಲ್ಕ್' ಅಂದರೆ ಕುಡಿದುಬಿಡು, ಲೋಟದಲ್ಲಿ ಏನೂ ಉಳಿಸಬೇಡ. ನಮ್ಮ 'ಬಿಡು' ಮಾಡುವ ಕೆಲಸವನ್ನು ಅಲ್ಲಿ 'ಅಪ್' ಮಾಡುತ್ತಿದೆ. ಈಟ್ ಅಪ್, ಯೂಸ್ ಅಪ್ ಕೂಡ ಹೀಗೇ. 'ರೈಟ್ ಡೌನ್' ನಮ್ಮ 'ಬರೆದಿಡು'ಗೆ ತುಂಬ ಹತ್ತಿರ. ಇದು ನನಗೆ ಬಹಳ ಇಷ್ಟವಾದ ಹೋಲಿಕೆ. ಆದರೆ ಇದನ್ನೇ ಸೂತ್ರ ಮಾಡಿಕೊಳ್ಳಬೇಡಿ. 'ಸ್ಪೀಡ್ ಅಪ್'ನಲ್ಲಿ ಅದೇ 'ಅಪ್' ಹೆಚ್ಚಿಸು ಅನ್ನುತ್ತದೆ, 'ಶೋ ಅಪ್'ನಲ್ಲಿ ಬಂದು ಕಾಣಿಸಿಕೊ ಅನ್ನುತ್ತದೆ.

ವಾರಕ್ಕೆ ಮೂರು ಸಾಕು. ಮೂವತ್ತು ದಿನದಲ್ಲಿ ಸಾವಿರ ಕಲಿಸುತ್ತೇವೆ ಅನ್ನುವವರಿಗೆ ದಯವಿಟ್ಟು ದುಡ್ಡು ಕೊಡಬೇಡಿ. ದಿನಕ್ಕೆ ಮೂವತ್ತಮೂರು ಆಯ್ತು. ಹಾಗೆ ಯಾರೂ ಭಾಷೆ ಕಲಿತಿಲ್ಲ. ಅವರು ಮಾರುವುದು ಪಟ್ಟಿಯನ್ನೇ, ಕಲಿಯಲಿಲ್ಲ ಅಂದರೆ ನಿಮ್ಮ ನೆನಪಿನ ಶಕ್ತಿಯನ್ನೇ ದೂರುತ್ತಾರೆ. ಎಷ್ಟು ಮಕ್ಕಳು ತಾವು ದಡ್ಡರು ಅಂದುಕೊಂಡು ಇಂಗ್ಲಿಷನ್ನೇ ಬಿಟ್ಟಿದ್ದಾರೆ! ನನಗೆ ಸಿಟ್ಟು ಬರುವುದು ಅದಕ್ಕೇ.

ಇನ್ನೊಂದು ಎಚ್ಚರ. ನೀವು ನಾಲ್ಕಾರು ಸಲ ಕಿವಿಯಾರೆ ಕೇಳಿರದ ಜೋಡಿಯನ್ನು ಇಂಟರ್‌ವ್ಯೂನಲ್ಲಿ ಮೊದಲ ಸಲ ಪ್ರಯೋಗಿಸಬೇಡಿ. 'ಪೋಸ್ಟ್‌ಪೋನ್' ಗೊತ್ತಿದ್ದರೆ ಸುಮ್ನೆ ಅದನ್ನೇ ಹೇಳಿ.

ಪ್ರಶ್ನೆ: ಇಂಗ್ಲಿಷಿನಲ್ಲಿ ಒಟ್ಟು ಎಷ್ಟು ಫ್ರೇಸಲ್ ವರ್ಬ್‌ಗಳಿವೆ?

ಎಣಿಸುವ ಸಮಯದಲ್ಲಿ ಒಂದನ್ನು ಕಲಿಯಿರಿ.

ಪ್ರಶ್ನೆ: ಇವು ಆಡುಮಾತಿನವು, ಬರವಣಿಗೆಯಲ್ಲಿ ಬಳಸಬಾರದು ಅಂತ ನಮ್ಮ ಮೇಷ್ಟ್ರು ಹೇಳಿದ್ದರು. ನಿಜವೇ?

ಅಲ್ಲ. 'ಕ್ಯಾರಿ ಔಟ್', 'ಪಾಯಿಂಟ್ ಔಟ್', 'ಸೆಟ್ ಅಪ್' ಇಲ್ಲದ ಸಂಶೋಧನಾ ವರದಿ ಸಿಗುವುದು ಕಷ್ಟ. ಕೆಲವು ಜೋಡಿಗಳು ಸಲಿಗೆಯವು, ಕೆಲವು ಅಲ್ಲ. ನಿಘಂಟಿನಲ್ಲಿ ಗುರುತು ಹಾಕಿರುತ್ತಾರೆ, ನೋಡಿ.

ಪ್ರಶ್ನೆ: 'ಕೋಪ್ ಅಪ್ ವಿತ್' ಸರಿಯೇ?

ತಪ್ಪು. 'ಕೋಪ್ ವಿತ್' ಅಷ್ಟೇ. ಕೀಪ್ ಅಪ್ ವಿತ್, ಪುಟ್ ಅಪ್ ವಿತ್ ಕೇಳಿದ ಅಭ್ಯಾಸಕ್ಕೆ ಇಲ್ಲಿಗೂ 'ಅಪ್' ನುಗ್ಗಿದೆ.

ಪ್ರಶ್ನೆ: ಮಗಳು 'ಆಫ್ ದ ಫ್ಯಾನ್' ಅನ್ನುತ್ತಾಳೆ. ತಿದ್ದಿದರೆ ಮುಖ ಊದಿಸಿಕೊಳ್ಳುತ್ತಾಳೆ.

ತಪ್ಪು ಹುಟ್ಟಿದ್ದು ನಮ್ಮ ಕನ್ನಡದಲ್ಲೇ. 'ಫ್ಯಾನ್ ಆಫ್ ಮಾಡು' ಅನ್ನುವಾಗ ನಾವು ಇಂಗ್ಲಿಷಿನಿಂದ ಬಾಲ ಮಾತ್ರ ತಂದಿದ್ದೇವೆ, ಕ್ರಿಯಾಪದ ನಮ್ಮದೇ. ಇಂಗ್ಲಿಷ್ ಆಡುವಾಗ 'ಮಾಡು' ಬಿಟ್ಟುಹೋಗುತ್ತದೆ, ಬಾಲ ಒಂದೇ ಉಳಿಯುತ್ತದೆ. ತಿದ್ದಬೇಡಿ. ಅವಳು ಹಾಗೆ ಅಂದಾಗ ನೀವು 'ಓಕೆ, ಐ'ಲ್ ಟರ್ನ್ ಇಟ್ ಆಫ್' ಅಂತ ಹೇಳಿ ಸ್ವಿಚ್ ಒತ್ತಿ. ಪ್ರತಿ ಸಲವೂ ಹಾಗೇ ಮಾಡಿ. ಸ್ವಲ್ಪ ದಿನಕ್ಕೆ ಅವಳ ಬಾಯಲ್ಲೂ ಅದೇ ಬರುತ್ತದೆ.

ಪ್ರಶ್ನೆ: 'ಐ ಪಾಸ್ಡ್ ಔಟ್ ಇನ್ 2019' ಅಂತ ಅರ್ಜಿಯಲ್ಲಿ ಬರೆಯಬಹುದೇ?

ಭಾರತದಲ್ಲಿ ಓದುವವರಿಗೆ ಅರ್ಥವಾಗುತ್ತದೆ. ಹೊರದೇಶದಲ್ಲಿ ಹೆಚ್ಚಿನವರು ನೀವು ಪ್ರಜ್ಞೆ ತಪ್ಪಿ ಬಿದ್ದಿರಿ ಅಂದುಕೊಳ್ಳುತ್ತಾರೆ. 'ಗ್ರಾಜುಯೇಟೆಡ್' ಎಂದು ಬರೆಯಿರಿ.