ಲೋಹದ ಟ್ರ್ಯಾಕ್ ಹಾಕಿದ ಮೇಲೆ ಕಟಕಟ ಸದ್ದು: ರಿಮೋಟ್ ಟ್ಯಾಂಕ್ ಪ್ರಶ್ನೋತ್ತರ

ಈ ಸಲ ಬಂದ ಪ್ರಶ್ನೆಗಳೆಲ್ಲ ದೊಡ್ಡ ಅಳತೆಯ ರಿಮೋಟ್ ಟ್ಯಾಂಕ್‌ಗಳ ಬಗ್ಗೆ. ಅದರಲ್ಲೂ ಮುಕ್ಕಾಲು ಪಾಲು ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕ್ ಟೈಗರ್ ಬಗ್ಗೆಯೇ. ಅಚ್ಚರಿಯೇನಿಲ್ಲ, ಈ ಹವ್ಯಾಸಕ್ಕೆ ಬಂದವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಟೈಗರ್ ಕಟ್ಟಿಯೇ ಕಟ್ಟುತ್ತಾರೆ. ಮೊದಲ ಉತ್ತರ ಸ್ವಲ್ಪ ಉದ್ದವಾಗಿದೆ. ಉಳಿದ ಹಲವು ತೊಂದರೆಗಳ ಬೇರು ಅಲ್ಲೇ ಇದೆ, ಅದಕ್ಕೆ.

ಪ್ರಶ್ನೆ: ಸರ್, ನನ್ನ ಹತ್ತಿರ 1/16 ಅಳತೆಯ ಟೈಗರ್ ಇದೆ. ಚಕ್ರಗಳ ಸುತ್ತ ಓಡುವ ಪ್ಲಾಸ್ಟಿಕ್ ಟ್ರ್ಯಾಕ್ (ಸರಪಳಿ ಪಟ್ಟಿ) ತೆಗೆದು ಲೋಹದ್ದು ಹಾಕಿದೆ. ನೋಡಲು ಭರ್ಜರಿಯಾಗಿದೆ. ಆದರೆ ತಿರುಗಿಸುವಾಗ ಕಟಕಟ ಅಂತ ಸದ್ದು. ಎರಡು ಸಲ ಟ್ರ್ಯಾಕ್ ಕಳಚಿಯೂ ಬಿತ್ತು. ಇನ್ನೂ ಜೋರಾದ ಮೋಟರ್ ಹಾಕಿದರೆ ಸರಿಹೋಗುತ್ತಾ?

ಮೋಟರ್ ತಂಟೆಗೆ ಹೋಗಬೇಡಿ. ಈಗ ಎಲ್ಲೋ ಹಲ್ಲು ಜಾರುತ್ತಿದೆ. ಜೋರಾದ ಮೋಟರ್ ಹಾಕಿದರೆ ಅದೇ ಹಲ್ಲು ಮುರಿಯುತ್ತದೆ, ಅಷ್ಟೇ ವ್ಯತ್ಯಾಸ.

ನೇರಕ್ಕೆ ಹೋಗುವಾಗ ಸುಮ್ಮನಿದ್ದು ತಿರುಗುವಾಗ ಮಾತ್ರ ಯಾಕೆ ಸದ್ದು? ಟ್ಯಾಂಕಿಗೆ ಕಾರಿನ ಹಾಗೆ ಹೊರಳುವ ಚಕ್ರವಿಲ್ಲ. ಒಂದು ಕಡೆಯ ಟ್ರ್ಯಾಕ್ ಜೋರಾಗಿ, ಇನ್ನೊಂದು ನಿಧಾನವಾಗಿ ಓಡುತ್ತದೆ. ಆಗ ಇಡೀ ಟ್ಯಾಂಕು ನೆಲವನ್ನು ಕೆರೆಯುತ್ತಾ ಅಡ್ಡಡ್ಡ ಜಾರುತ್ತದೆ. ನಿಂತಲ್ಲೇ ಗಿರಕಿ ಹೊಡೆಸಿದರೆ ಗೇರ್‌ಬಾಕ್ಸ್ ಮೇಲೆ ಬೀಳುವ ಭಾರ ಎಲ್ಲಕ್ಕಿಂತ ಜಾಸ್ತಿ. ಲೋಹದ ಟ್ರ್ಯಾಕ್ ತಾನೂ ಭಾರ, ಕಾರ್ಪೆಟ್ಟನ್ನೂ ಹುಲ್ಲನ್ನೂ ಕಚ್ಚಿ ಹಿಡಿಯುತ್ತದೆ ಬೇರೆ. ಪ್ಲಾಸ್ಟಿಕ್ ಟ್ರ್ಯಾಕ್ ಇದ್ದಾಗ ಅದೇ ಕೊಂಚ ಜಾರಿ, ಬಳುಕಿ ಗೇರ್‌ಗಳನ್ನು ಉಳಿಸುತ್ತಿತ್ತು. ನೀವು ಆ ಮೆತ್ತನೆಯ ಕೊಂಡಿಯನ್ನು ತೆಗೆದುಬಿಟ್ಟಿರಿ. ಹಾಗಾಗಿ ಮುಂದಿನ ಮೆತ್ತನೆಯ ಕೊಂಡಿ ಈಗ ಅಳುತ್ತಿದೆ.

ಅದು ಯಾವುದು ಅಂತ ಮೊದಲು ಪತ್ತೆಮಾಡಿ. ಟ್ಯಾಂಕನ್ನು ಒಂದು ಮರದ ತುಂಡಿನ ಮೇಲೆ ಕೂರಿಸಿ, ಟ್ರ್ಯಾಕ್ ನೆಲಕ್ಕೆ ತಾಗಬಾರದು. ನಿಧಾನಕ್ಕೆ ಓಡಿಸುತ್ತಾ ಟ್ರ್ಯಾಕನ್ನು ಮರದ ಕಡ್ಡಿಯಿಂದ ಒತ್ತಿ ತಡೆಯಿರಿ. ಬೆರಳು ಬೇಡವೇ ಬೇಡ. ಟ್ರ್ಯಾಕನ್ನು ಎಳೆಯುವ ಹಲ್ಲಿನ ಚಕ್ರವೇ ಸ್ಪ್ರಾಕೆಟ್. ಟ್ರ್ಯಾಕ್ ಅದರ ಹಲ್ಲಿನ ಮೇಲೆ ಹತ್ತಿ ಹಾರುವುದು ಕಣ್ಣಿಗೆ ಕಂಡರೆ ತೊಂದರೆ ಹೊರಗಿದೆ. ಸ್ಪ್ರಾಕೆಟ್ ನಿಂತೇ ಇದ್ದು ಒಳಗಿಂದ ಸದ್ದು ಬಂದರೆ ಗೇರ್‌ಬಾಕ್ಸ್.

ಹೊರಗಿದ್ದರೆ: ಲೋಹದ ಟ್ರ್ಯಾಕಿಗೆ ಪ್ಲಾಸ್ಟಿಕ್ ಸ್ಪ್ರಾಕೆಟ್ ಜೋಡಿ ಆಗುವುದೇ ಇಲ್ಲ. ಅರ ಹಾಕಿ ಉಜ್ಜಿದಂತೆ ಹಲ್ಲು ಸವೆಯುತ್ತದೆ. ಸ್ಪ್ರಾಕೆಟ್ ಮತ್ತು ಹಿಂದಿನ ಐಡ್ಲರ್ (ಟ್ರ್ಯಾಕಿನ ಬಿಗಿ ಹೊಂದಿಸುವ ಚಕ್ರ) ಎರಡನ್ನೂ ಲೋಹದ್ದಕ್ಕೆ ಬದಲಿಸಿ. ಹಾಕಿದ ಮೇಲೆ ಎದುರಿನಿಂದ ನೋಡುತ್ತಾ ಕೈಯಲ್ಲಿ ತಿರುಗಿಸಿ. ಓಲಾಡಿದರೆ, ಅಥವಾ ಸ್ಪ್ರಾಕೆಟ್ಟೂ ಐಡ್ಲರೂ ಒಂದೇ ಗೆರೆಯಲ್ಲಿ ಇಲ್ಲದಿದ್ದರೆ, ತೆಳ್ಳನೆ ವಾಷರ್ ಕೊಟ್ಟು ಸರಿಮಾಡಿ. ಟ್ರ್ಯಾಕ್ ಕಳಚಿ ಬೀಳುವುದಕ್ಕೆ ಸಡಿಲವೊಂದೇ ಕಾರಣ ಅಂದುಕೊಂಡು ಎಲ್ಲರೂ ಬಿಗಿ ಮಾಡುತ್ತಾ ಹೋಗುತ್ತಾರೆ. ಎಷ್ಟೋ ಸಲ ನಿಜವಾದ ತಪ್ಪು ಈ ಗೆರೆಯದ್ದು.

ಬಿಗಿ ಎಷ್ಟಿರಬೇಕು? ಟೈಗರ್‌ಗೆ ಮೇಲ್ಗಡೆ ಟ್ರ್ಯಾಕನ್ನು ಹೊರುವ ಸಣ್ಣ ಉರುಳೆಗಳಿಲ್ಲ. ಮುಂದಿನ ಸ್ಪ್ರಾಕೆಟ್‌ನಿಂದ ಇಳಿದು ನಡುವಿನ ದೊಡ್ಡ ಚಕ್ರಗಳ ಮೇಲೆ ಒರಗಿದಂತೆ ಇರಬೇಕು. ಅದೇ ಅದರ ಚೆಂದ, ಅದೇ ಸರಿಯಾದ ಬಿಗಿ ಕೂಡ. ತಂತಿ ಎಳೆದಂತೆ ನೆಟ್ಟಗಿದ್ದರೆ ಮೋಟರ್ ಅರ್ಧ ಶಕ್ತಿಯನ್ನು ಅದಕ್ಕೇ ಸುರಿಯುತ್ತದೆ. ಐಡ್ಲರ್ ತಿರುಗಿಸಿಯೂ ಸಾಲದಿದ್ದರೆ ಒಂದು ಕೊಂಡಿ ತೆಗೆಯಿರಿ, ಎರಡೂ ಕಡೆ ಲೆಕ್ಕ ಒಂದೇ ಇರಲಿ. ಹೊಸ ಟ್ರ್ಯಾಕಿನ ಪಿನ್ನುಗಳು ಮೊದಲ ಕೆಲವು ಓಟಗಳಲ್ಲಿ ಹೊರಗೆ ಇಣುಕುತ್ತವೆ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ನೋಡಿ, ಒಳಗೆ ತಳ್ಳಿ.

ಸದ್ದು ಒಳಗಿಂದ ಬಂದರೆ ಗೇರ್‌ಬಾಕ್ಸ್ ಬಿಚ್ಚಲೇಬೇಕು. ಆದರೆ ಬಿಚ್ಚುವ ಮೊದಲು ಒಂದು ನೋಟ. ಟ್ಯಾಂಕಿನ ಮೇಲ್ಭಾಗ ತೆಗೆದಿಟ್ಟು, ಟ್ರ್ಯಾಕನ್ನು ತಡೆದು, ಗೇರ್‌ಬಾಕ್ಸ್ ಎದ್ದು ಕೂರುತ್ತಿದೆಯಾ ನೋಡಿ. ಪ್ಲಾಸ್ಟಿಕ್ ತೊಟ್ಟಿ, ಅಂದರೆ ಟ್ಯಾಂಕಿನ ಕೆಳಮೈ, ಬಳುಕಿ, ಸ್ಕ್ರೂ ಕೂತ ಕಂಬ ಬಿರುಕು ಬಿಟ್ಟಿದ್ದರೆ ಇಡೀ ಗೇರ್‌ಬಾಕ್ಸೇ ಮೇಲೇಳುತ್ತದೆ. ಗೇರ್ ಪಾಪ ಚೆನ್ನಾಗೇ ಇರುತ್ತದೆ. ಆಗ ತೊಟ್ಟಿಯ ಅಡಿಗೆ ಒಂದು ಅಲ್ಯೂಮಿನಿಯಂ ಪಟ್ಟಿ ಕೊಟ್ಟು ಉದ್ದದ ಬೋಲ್ಟು ಹಾಕಿದರೆ ಕೆಲಸ ಮುಗಿಯಿತು. ಗೇರ್ ಹಲ್ಲೇ ಸವೆದಿದ್ದರೆ ಬಾಲ್ ಬೇರಿಂಗ್ ಇರುವ ಉಕ್ಕಿನ ಗೇರ್‌ಬಾಕ್ಸ್ ಜೋಡಿ ತನ್ನಿ. ಮೋಟರ್ ಸರಿಸಲು ಬರುವಂತಿದ್ದರೆ, ಮೋಟರಿನ ಸಣ್ಣ ಗೇರು ಮತ್ತು ಅದರ ಪಕ್ಕದ ಗೇರಿನ ನಡುವೆ ಕಾಗದದ ಚೂರು ಇಟ್ಟು, ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ. ಆಮೇಲೆ ಗೇರು ತಿರುಗಿಸಿ ಕಾಗದ ಹೊರತೆಗೆಯಿರಿ. ಉಳಿಯುವ ಸಂದು ಸಾಕು. ಲಿಥಿಯಂ ಗ್ರೀಸ್ ಹಲ್ಲಿಗೆ ಸವರಿದಷ್ಟೇ ಇರಲಿ. ಮೆತ್ತಿದರೆ ಅದು ಗೋಡೆಗೆ ಹಾರುತ್ತದೆ, ಧೂಳು ಹಿಡಿಯುತ್ತದೆ.

ಇನ್ನೊಂದು ಮಾತು, ನಾನೇ ಮಾಡಿಕೊಂಡ ಎಡವಟ್ಟು. ಸ್ಕ್ರೂ ಸಡಿಲವಾಗದಿರಲಿ ಅಂತ ಹಾಕುವ ಥ್ರೆಡ್ ಲಾಕರ್ ದ್ರವವನ್ನು ಒಮ್ಮೆ ಪ್ಲಾಸ್ಟಿಕ್ ಕಂಬದಲ್ಲಿ ಕೂರುವ ಸ್ಕ್ರೂಗಳಿಗೂ ಧಾರಾಳವಾಗಿ ಹಾಕಿದೆ. ಬೆಳಿಗ್ಗೆ ನೋಡಿದರೆ ಮೂರು ಕಂಬ ಸೀಳಿ ಹೋಗಿದ್ದವು. ಆ ದ್ರವ ಎಬಿಎಸ್ ಥರದ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಲೋಹ ಲೋಹಕ್ಕೆ ಸೇರುವಲ್ಲಿ ಮಾತ್ರ ಅದು. ಪ್ಲಾಸ್ಟಿಕ್ಕಿಗೆ ಬಿಳಿ ಅಂಟಿನ ಒಂದು ಹನಿ ಸಾಕು.

ಪ್ರಶ್ನೆ: ಲೋಹದ ತೊಟ್ಟಿ, ಉಕ್ಕಿನ ಗೇರ್‌ಬಾಕ್ಸ್, ಲೋಹದ ಟ್ರ್ಯಾಕ್ ಎಲ್ಲ ಹಾಕಿದ್ದೇನೆ. ಓಡಿಸಲು ಶುರು ಮಾಡಿದ ಕೂಡಲೇ ಟರೆಟ್ (ಫಿರಂಗಿ ಇರುವ, ತಿರುಗುವ ಮೇಲ್ತಲೆ) ತಾನಾಗಿಯೇ ನಡುಗುತ್ತದೆ. ಗಿರಕಿ ಹೊಡೆಸಿದರೆ ಎಂಜಿನ್ ಸದ್ದು ನಿಂತು ಮತ್ತೆ ಮೊದಲಿನಿಂದ ಸ್ಟಾರ್ಟ್ ಆಗುತ್ತದೆ. ಟ್ಯಾಂಕನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಹಾಳಾಗಿದೆಯಾ?

ಬೋರ್ಡ್ ಸರಿಯಾಗೇ ಇರಬೇಕು. ನಿಮ್ಮದು ಒಂದಲ್ಲ, ಎರಡು ಬೇರೆ ಬೇರೆ ತೊಂದರೆ.

ಟರೆಟ್ ನಡುಗುವುದು ಮೋಟರಿನ ಬ್ರಷ್ಷುಗಳ ಕಿಡಿಯಿಂದ. ಆ ಕಿಡಿ ಒಂದು ಪುಟ್ಟ ರೇಡಿಯೋ ಕೇಂದ್ರವಿದ್ದ ಹಾಗೆ, ಸುತ್ತಲಿನ ತಂತಿಗಳಲ್ಲೆಲ್ಲ ಗಲಾಟೆ ಎಬ್ಬಿಸುತ್ತದೆ. ಪ್ರತಿ ಮೋಟರಿಗೆ 0.1 ಮೈಕ್ರೋಫ್ಯಾರಡ್‌ನ ಮೂರು ಸೆರಾಮಿಕ್ ಕೆಪಾಸಿಟರ್ ಬೆಸೆಯಿರಿ. ಮೇಲೆ 104 ಅಂತ ಬರೆದಿರುತ್ತದಲ್ಲ, ಅವೇ. ಒಂದು ಎರಡು ತುದಿಗಳ ನಡುವೆ, ಉಳಿದೆರಡು ಒಂದೊಂದು ತುದಿಯಿಂದ ಮೋಟರಿನ ಮೈಗೆ. ಮೈಯನ್ನು ಮೊದಲು ಉಪ್ಪುಕಾಗದದಿಂದ ಉಜ್ಜಿ, ಇಲ್ಲದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ಮೋಟರ್ ತಂತಿಗಳನ್ನು ಜಡೆಯಂತೆ ಹೆಣೆದು ರಿಸೀವರ್‌ನಿಂದ ದೂರ ಕಟ್ಟಿ.

ತೊಟ್ಟಿ ಲೋಹದ್ದು ಅಂದಿರಿ. ಆಂಟೆನಾ ಅದರೊಳಗೇ ಸುರುಳಿ ಸುತ್ತಿ ಬಿದ್ದಿದೆಯಾ? 2.4 ಗಿಗಾಹರ್ಟ್ಸ್ ಸಂಕೇತ ಲೋಹವನ್ನು ದಾಟಿ ಬರುವುದಿಲ್ಲ. ಆಂಟೆನಾದ ತುದಿಯನ್ನು ಪ್ಲಾಸ್ಟಿಕ್ ಮೇಲ್ಭಾಗದ ಒಳಮೈಗೆ ಅಂಟಿಸಿ.

ಎಂಜಿನ್ ಸದ್ದು ಮತ್ತೆ ಶುರುವಾಗುವುದು ಬ್ಯಾಟರಿಯ ಕಥೆ. ಗಿರಕಿ ಹೊಡೆಯುವಾಗ ಎರಡೂ ಮೋಟರ್ ಒಟ್ಟಿಗೆ ಕರೆಂಟ್ ಎಳೆಯುತ್ತವೆ. ವೋಲ್ಟೇಜ್ ಕುಸಿಯುತ್ತದೆ, ಬೋರ್ಡಿಗೆ ಒಂದು ಕ್ಷಣ ತಲೆ ತಿರುಗಿ ಎಚ್ಚರ ತಪ್ಪುತ್ತದೆ. ಹಳೆಯ ಬ್ಯಾಟರಿ, ಸಡಿಲವಾದ ಪ್ಲಗ್, ಕೂದಲಿನಷ್ಟು ತೆಳು ತಂತಿ, ಈ ಮೂರನ್ನು ನೋಡಿ. ಪ್ಲಗ್ ಮುಟ್ಟಿದಾಗ ಬಿಸಿ ಇದ್ದರೆ ಕಳ್ಳ ಅಲ್ಲೇ ಸಿಕ್ಕಿದ.

ಪ್ರಶ್ನೆ: 7.2 ವೋಲ್ಟ್‌ನ ನಿಕಲ್ ಬ್ಯಾಟರಿ ಬದಲು ಲಿಪೋ (ಲಿಥಿಯಂ ಪಾಲಿಮರ್ ಬ್ಯಾಟರಿ) ಹಾಕಬಹುದಾ?

ಎರಡು ಸೆಲ್ಲಿನ ಲಿಪೋ ಹಾಕಬಹುದು, ಬೋರ್ಡಿನ ಕೈಪಿಡಿ ಒಪ್ಪಿದರೆ. ಅದು 7.4 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 8.4. ಆಗಷ್ಟೇ ಚಾರ್ಜ್ ಆದ ನಿಕಲ್ ಬ್ಯಾಟರಿಯೂ ಸುಮಾರು ಅಷ್ಟೇ ತೋರಿಸುತ್ತದೆ, ಹಾಗಾಗಿ ಮೇಲಿನ ಅಂಕಿ ದೊಡ್ಡ ಚಿಂತೆಯಲ್ಲ. ಚಿಂತೆ ಕೆಳಗಿನದು. ಲಿಪೋ ಸೆಲ್ 3 ವೋಲ್ಟ್‌ಗಿಂತ ಕೆಳಗೆ ಇಳಿದರೆ ಹಾಳಾಗುತ್ತದೆ. ನಿಕಲ್ ಬ್ಯಾಟರಿಗೆಂದೇ ಮಾಡಿದ ಬೋರ್ಡ್ ಅದನ್ನು ಗಮನಿಸುವುದೇ ಇಲ್ಲ, ಕೊನೆಯ ಹನಿಯವರೆಗೂ ಹೀರುತ್ತದೆ. ಲಿಪೋದ ಒಂದೊಂದು ಸೆಲ್ಲಿಗೂ ತಂತಿ ಇರುವ ಸಣ್ಣ ಬ್ಯಾಲೆನ್ಸ್ ಪ್ಲಗ್ಗಿಗೆ ಚುಚ್ಚುವ ಪುಟ್ಟ ಅಲಾರಂ ಹಾಕಿ, ಸೆಲ್ಲಿಗೆ 3.4 ವೋಲ್ಟ್‌ಗೆ ಕೂಗುವಂತೆ ಇಡಿ. ಟ್ಯಾಂಕಿನ ಸ್ಪೀಕರ್ ಸದ್ದಿನಲ್ಲಿ ಅದು ಕೇಳಿಸದೇ ಹೋಗಬಹುದು, ಟರೆಟ್ ಕೆಳಗಿನ ತೂತಿನ ಹತ್ತಿರ ಇಡಿ. ಓಡಿಸಿ ಮುಗಿದ ಮೇಲೆ ಸ್ವಿಚ್ ನಂಬಿಕೊಂಡು ಕೂರಬೇಡಿ, ಪ್ಲಗ್ ಕಿತ್ತಿಡಿ. ವಾರಗಟ್ಟಲೆ ಮುಟ್ಟದಿದ್ದರೆ ಸೆಲ್ಲಿಗೆ 3.8 ವೋಲ್ಟ್ ಆಸುಪಾಸಿನಲ್ಲಿ ಇಡಿ. ಊದಿಕೊಂಡ ಬ್ಯಾಟರಿಯನ್ನು ಇನ್ನೊಂದೇ ಸಲ ನೋಡೋಣ ಅಂತ ಹಾಕಬೇಡಿ.

ಮೂರು ಸೆಲ್ಲಿನದು ಬೇಡ. ವೇಗ ಬೇಕು ಅಂತ ಅದನ್ನು ಹಾಕುವವರಿಗೆ ಮುಂದಿನ ಉತ್ತರ.

ಪ್ರಶ್ನೆ: ನನ್ನ ಟ್ಯಾಂಕ್ ಓಡುವುದು ಆಟಿಕೆಯ ಹಾಗೆ ಕಾಣುತ್ತದೆ, ಭಾರದ ವಾಹನದ ಹಾಗಲ್ಲ. ಏನು ಮಾಡಲಿ?

ನಿಧಾನ ಮಾಡಿ. ನಿಜವಾದ ಟೈಗರ್ ರಸ್ತೆಯ ಮೇಲೆ ಗಂಟೆಗೆ 40 ಕಿ.ಮೀ. ಆಸುಪಾಸು ಹೋಗುತ್ತಿತ್ತು. ಅದನ್ನು 16ರಿಂದ ಭಾಗಿಸಿದರೆ 2.5 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 70 ಸೆಂ.ಮೀ. ನಾವು ಆರಾಮಾಗಿ ನಡೆಯುವ ವೇಗದ ಅರ್ಧ. ಅದೂ ರಸ್ತೆಯ ಮೇಲೆ. ಕಾಡುಮೇಡಿನಲ್ಲಿ ಇನ್ನೂ ಕಡಿಮೆ.

ತೂಕದ ಲೆಕ್ಕ ಇನ್ನೂ ಮಜವಾಗಿದೆ. ಉದ್ದ 16 ಪಾಲು ಕಡಿಮೆಯಾದರೆ ತೂಕ 16ರ ಘನದಷ್ಟು, ಅಂದರೆ 4,096 ಪಾಲು ಕಡಿಮೆಯಾಗಬೇಕು. 57 ಟನ್ನಿನ ಟೈಗರ್ ಆ ಲೆಕ್ಕದಲ್ಲಿ ಸುಮಾರು 14 ಕೆ.ಜಿ. ಪ್ಲಾಸ್ಟಿಕ್ ಮಾದರಿ ಅದರ ಹತ್ತಿರಕ್ಕೂ ಬರುವುದಿಲ್ಲ, ಅದಕ್ಕೇ ಕಲ್ಲು ಸಿಕ್ಕಲ್ಲಿ ಕುಪ್ಪಳಿಸುತ್ತದೆ. ಸೀಸದ ತುಂಡು ತುಂಬಿ 14 ಕೆ.ಜಿ. ಮಾಡಲು ಹೋಗಬೇಡಿ, ಮೊದಲ ಪ್ರಶ್ನೆಗೆ ವಾಪಸ್ ಬರುತ್ತೀರಿ. ಸ್ಪ್ರಿಂಗ್ ಮೆತ್ತಗೆ ಮಾಡಿ, ಮೋಟರಿನ ವೇಗವನ್ನು ಹೆಚ್ಚು ತಗ್ಗಿಸುವ ಗೇರ್‌ಬಾಕ್ಸ್ ಹಾಕಿ. ರಿಮೋಟಿನಲ್ಲಿ ಗರಿಷ್ಠ ವೇಗ ತಗ್ಗಿಸಿ, ಕಡ್ಡಿ ಒತ್ತಿದ ತಕ್ಷಣ ಹಾರದೆ ನಿಧಾನಕ್ಕೆ ವೇಗ ಏರುವಂತೆ ಇಡಿ. ಹೊರಡುವಾಗ ಮೂತಿ ಸ್ವಲ್ಪ ಎದ್ದು, ನಿಲ್ಲುವಾಗ ಬಗ್ಗಿದರೆ ಕಣ್ಣು ಮೋಸಹೋಗುತ್ತದೆ.

ಪ್ರಶ್ನೆ: ಟೈಗರ್‌ಗೆ ಬೂದು ಬಣ್ಣ ಹೊಡೆದು, ಮೈಮೇಲೆ ಜಿಮ್ಮರಿಟ್ ಗೆರೆ ಎಳೆದು, ಉಕ್ಕಿನ ಅಂಚಿನ ಚಕ್ರ ಹಾಕಬೇಕು ಅಂತಿದ್ದೇನೆ. ಹೇಗೆ ಮಾಡುವುದು?

ಮೂರೂ ಒಂದೇ ಟ್ಯಾಂಕಿನಲ್ಲಿ ಇರಲು ಸಾಧ್ಯವಿಲ್ಲ, ಅದೇ ಮೊದಲ ಕಷ್ಟ. ಟೈಗರ್ 1942ರ ಆಗಸ್ಟ್‌ನಿಂದ 1944ರ ಆಗಸ್ಟ್‌ವರೆಗೆ ತಯಾರಾಯಿತು, ಒಟ್ಟು 1,300ಕ್ಕೂ ಹೆಚ್ಚು. ಬೂದು ಬಣ್ಣ 1943ರ ಫೆಬ್ರವರಿಗೆ ಮುಗಿಯಿತು, ಆಮೇಲೆ ಕಡುಹಳದಿ. ಅಯಸ್ಕಾಂತದ ಬಾಂಬು ಅಂಟಬಾರದೆಂದು ಬಳಿಯುತ್ತಿದ್ದ ಜಿಮ್ಮರಿಟ್ ಲೇಪ ಬಂದದ್ದು 1943ರ ಎರಡನೇ ಅರ್ಧದಲ್ಲಿ. ಉಕ್ಕಿನ ಅಂಚಿನ ಚಕ್ರ 1944ರಲ್ಲಿ. ಜಿಮ್ಮರಿಟ್ಟೂ ಉಕ್ಕಿನ ಚಕ್ರವೂ ಬೇಕಿದ್ದರೆ ಹಳದಿಗೆ ಒಪ್ಪಿಕೊಳ್ಳಿ. ಬೂದು ಬಿಡಲಾರೆ ಅಂದರೆ ನುಣುಪು ಮೈ, ರಬ್ಬರ್ ಅಂಚಿನ ಚಕ್ರ. ರಬ್ಬರ್ ಅಂಚಿನ ಮೊದಲ ಮಾದರಿಯ ವಿವರ ಬೇಕಿದ್ದರೆ ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನಲ್ಲಿರುವ ಟೈಗರ್ 131ರ ಫೋಟೋಗಳನ್ನು ನೋಡಿ. 1943ರ ಏಪ್ರಿಲ್‌ನಲ್ಲಿ ಟುನೀಶಿಯಾದಲ್ಲಿ ಸೆರೆಸಿಕ್ಕ ಗಾಡಿ ಅದು, ಇವತ್ತಿಗೂ ಓಡುತ್ತದೆ. ನಿಮ್ಮ ಟ್ಯಾಂಕು, ನಿಮ್ಮ ಇಷ್ಟ ಅಂತಲೂ ಹೇಳಬಹುದು. ಆದರೆ ಇಷ್ಟು ಕಷ್ಟಪಟ್ಟು ಗೆರೆ ಎಳೆಯುವವರಿಗೆ ಆಮೇಲೆ ಅದು ಕಣ್ಣು ಚುಚ್ಚುತ್ತದೆ.

ಲೇಪಕ್ಕೆ ಎರಡು ಭಾಗ ಕಲಸುವ ಎಪಾಕ್ಸಿ ಪುಟ್ಟಿ ಒಳ್ಳೆಯದು. ತೆಳ್ಳಗೆ ಹರಡಿ, ಚಪ್ಪಟೆ ಬ್ಲೇಡನ್ನು ನೀರಲ್ಲಿ ಅದ್ದಿ ಒತ್ತುತ್ತಾ ಹೋಗಿ. ಒಂದು ಸಲಕ್ಕೆ ಒಂದೇ ಪಕ್ಕ, ಇಲ್ಲವಾದರೆ ಅರ್ಧದಲ್ಲೇ ಗಟ್ಟಿಯಾಗುತ್ತದೆ. ಕೊಳಕು ಕಾಣಿಸಲು ತೆಳು ಎನಾಮಲ್ ಬಳಿಯುವಾಗ ಎಚ್ಚರ. ಹೆಚ್ಚಿನ ರೆಡಿಮೇಡ್ ಟ್ಯಾಂಕುಗಳ ಮೈ ಎಬಿಎಸ್. ಟರ್ಪಂಟೈನಿನಂಥ ದ್ರವ ಸ್ಕ್ರೂ ಬಿಗಿದ ಜಾಗದಲ್ಲಿ ಕೊಳದಂತೆ ನಿಂತರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಮೊದಲು ಬಣ್ಣದ ಮೇಲೆ ವಾರ್ನಿಶ್ ಹೊಡೆದು, ಆಮೇಲೆ ಸ್ವಲ್ಪ ಸ್ವಲ್ಪವೇ ಬಳಿಯಿರಿ.

ಪ್ರಶ್ನೆ: ಹೊಸಬ ನಾನು. ಕಿಟ್ ತಗೊಳ್ಳಲಾ, ರೆಡಿ ಇರುವುದಾ? 1/6 ಅಳತೆಯ ಆಸೆಯೂ ಇದೆ.

ಟಮಿಯಾದಂಥ ಕಿಟ್ ಆದರೆ ಪ್ರತಿ ಸ್ಕ್ರೂವನ್ನೂ ನೀವೇ ಹಾಕಿರುತ್ತೀರಿ, ಕೆಟ್ಟಾಗ ಎಲ್ಲಿ ಕೈ ಹಾಕಬೇಕು ಗೊತ್ತಿರುತ್ತದೆ. ಹೆಂಗ್ ಲಾಂಗ್‌ನಂಥ ರೆಡಿ ಟ್ಯಾಂಕ್ ಅದೇ ದಿನ ಓಡುತ್ತದೆ, ಆಮೇಲೆ ಒಂದೊಂದೇ ಭಾಗ ಬದಲಿಸುತ್ತಾ ಕಲಿಯಬಹುದು. ತಾಳ್ಮೆ ಇದ್ದರೆ ಮೊದಲನೆಯದು. 1/6ರ ಟೈಗರ್‌ನಲ್ಲಿ ತೊಟ್ಟಿಯೇ ಒಂದು ಮೀಟರ್ ದಾಟುತ್ತದೆ. ಅದನ್ನು ಕಾರಿಗೆ ಹೇಗೆ ಏರಿಸುತ್ತೀರಿ ಅನ್ನುವುದಕ್ಕೆ ಉತ್ತರ ಸಿಕ್ಕ ಮೇಲೆ ಯೋಚಿಸಿ.

ಪ್ರಶ್ನೆ: ಟರೆಟ್ ಪೂರ್ತಿ ಸುತ್ತು ತಿರುಗಿಸಿದರೆ ತಂತಿ ತಿರುಚಿಕೊಳ್ಳುತ್ತದೆ. ಪರಿಹಾರ ಇದೆಯಾ?

ಇದೆ, ಸ್ಲಿಪ್ ರಿಂಗ್. ಒಂದು ಕಡೆ ನಿಂತಿದ್ದು ಇನ್ನೊಂದು ಕಡೆ ತಿರುಗುವ ಪುಟ್ಟ ಡಬ್ಬಿ. 12 ತಂತಿಯದು ತನ್ನಿ, ಸಾಕಾಗುತ್ತದೆ. ಟರೆಟ್ ತಿರುಗುವ ನಟ್ಟನಡುವೆಯೇ ಕೂರಿಸಬೇಕು, ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ತಂತಿ ಎಳೆಯುತ್ತದೆ. ಪ್ಲಾಸ್ಟಿಕ್ ಗುಂಡು ಹಾರಿಸುವ ಪೆಟ್ಟಿಗೆ ಟರೆಟ್‌ನಲ್ಲಿದ್ದರೆ ಅದನ್ನು ಕಿತ್ತು, ಸರ್ವೋ ಎಂಬ ಪುಟ್ಟ ಮೋಟರಿನಿಂದ ಫಿರಂಗಿಯ ಕೊಳವೆ ಹಿಂದಕ್ಕೆ ಒದೆಯುವ ವ್ಯವಸ್ಥೆ ಹಾಕಿ. ಜಾಗವೂ ಆಗುತ್ತದೆ, ಗುಂಡು ಹುಡುಕುತ್ತಾ ಸೋಫಾ ಕೆಳಗೆ ತೆವಳುವುದೂ ತಪ್ಪುತ್ತದೆ.